ಕರುಣೆಗೆ ಕಣ್ಣಿದೆ, ಕೈಯೂ ಇದೆ

ಉದ್ಯೋಗದ ಜಾಹೀರಾತುಗಳನ್ನು ಓದುವ ಅಭ್ಯಾಸ ಇರುವವರು ಒಂದು ಪದವನ್ನು ಗಮನಿಸಿರುತ್ತೀರಿ. ವಿದ್ಯಾರ್ಹತೆ, ವಯೋಮಿತಿ, ಅನುಭವದ ಸಾಲುಗಳೆಲ್ಲ ಮುಗಿದ ಮೇಲೆ ‘ಸೃಜನಶೀಲವಾಗಿ ಯೋಚಿಸಬಲ್ಲವರಿಗೆ ಆದ್ಯತೆ’ ಎಂದು ಬರೆದಿರುತ್ತಾರೆ. ‘ಕರುಣೆಯುಳ್ಳವರಿಗೆ ಆದ್ಯತೆ’ ಎಂದು ಬರೆದ ಜಾಹೀರಾತನ್ನು ನಾನಂತೂ ಈವರೆಗೆ ನೋಡಿಲ್ಲ. ಕರುಣೆ ಎಂದರೆ ಮನೆಯಲ್ಲಿ, ಗುಡಿಯಲ್ಲಿ, ಪ್ರವಚನದಲ್ಲಿ ಇರಬೇಕಾದದ್ದು. ಕೆಲಸದ ಜಾಗದಲ್ಲಿ ಅದು ದೌರ್ಬಲ್ಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ‘ಅಯ್ಯೋ ಪಾಪ ಅಂದರೆ ಅರ್ಧ ಆಯಸ್ಸು ಹೋಯಿತು’ ಎಂದು ಹಿರಿಯರೂ ಎಚ್ಚರಿಸುತ್ತಲೇ ಬಂದಿದ್ದಾರೆ.

ಹೀಗಾಗಿ ಈ ಎರಡು ಗುಣಗಳನ್ನು ನಾವು ಎರಡು ಬೇರೆ ಕೋಣೆಗಳಲ್ಲಿ ಇಟ್ಟುಬಿಟ್ಟಿದ್ದೇವೆ. ಸೃಜನಶೀಲತೆ ಎಂದರೆ ಕೆಲವರಿಗೆ ಮಾತ್ರ ಹುಟ್ಟಿನಿಂದ ಬರುವ ವರ, ಕರುಣೆ ಎಂದರೆ ಕೈಯಲ್ಲಿ ಹಣವಿದ್ದವರು ಮಾಡುವ ದಾನ ಎಂದುಕೊಂಡಿದ್ದೇವೆ. ಸಿರುಗುಪ್ಪ ತಾಲ್ಲೂಕಿನ ನಮ್ಮ ದೇಶನೂರಿನಂಥ ಊರಿನಿಂದ ಓದಲು, ಕೆಲಸ ಹುಡುಕಲು ಹೊರಡುವ ಹುಡುಗ ಹುಡುಗಿಯರಿಗೆ ಇವೆರಡೂ ತಮ್ಮದಲ್ಲ ಅನ್ನಿಸಿಬಿಡುತ್ತದೆ. ‘ನನ್ನಲ್ಲಿ ಅಂಥ ಪ್ರತಿಭೆ ಇಲ್ಲ, ಇನ್ನೊಬ್ಬರಿಗೆ ಸಹಾಯ ಮಾಡುವಷ್ಟು ಅನುಕೂಲವೂ ಇಲ್ಲ’ ಎಂದು ಕೈಚೆಲ್ಲುತ್ತಾರೆ. ಆದರೆ ಹತ್ತಿರದಿಂದ ನೋಡಿದರೆ ಇವೆರಡೂ ಒಂದೇ ಮನೆಯವು. ಕರುಣೆ ಪ್ರಶ್ನೆಯನ್ನು ಹುಡುಕಿಕೊಡುತ್ತದೆ, ಸೃಜನಶೀಲತೆ ಅದಕ್ಕೆ ಉತ್ತರ ಹುಡುಕುತ್ತದೆ.

ಸೂರ್ಯ ಒಂದು, ಚಂದ್ರ ಎರಡು

ಸಣ್ಣ ಉದಾಹರಣೆಯಿಂದ ಶುರು ಮಾಡೋಣ. ಓದಲು ಬಾರದ ಅಜ್ಜಿಯೊಬ್ಬರು ಮೆಡಿಕಲ್ ಶಾಪಿಗೆ ಚೀಟಿ ಹಿಡಿದು ಬರುತ್ತಾರೆ. ಅಂಗಡಿಯವರು ಮಾತ್ರೆ ಕೊಟ್ಟು, ‘ಇದು ಬೆಳಿಗ್ಗೆ ಒಂದು, ಇದು ರಾತ್ರಿ ಎರಡು’ ಎಂದು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು, ತಪ್ಪೇನೂ ಇಲ್ಲ. ಇನ್ನೊಂದು ಅಂಗಡಿಯವರು ಒಂದು ಕ್ಷಣ ನಿಲ್ಲುತ್ತಾರೆ. ಈ ಅಜ್ಜಿ ಮನೆಗೆ ಹೋಗಿ, ಸಂಜೆಯಾದ ಮೇಲೆ, ಮೂರು ಬಗೆಯ ಮಾತ್ರೆ ಮುಂದಿಟ್ಟುಕೊಂಡು ಏನು ಮಾಡುತ್ತಾರೆ ಎಂದು ಯೋಚಿಸುತ್ತಾರೆ. ಪೆನ್ನು ತೆಗೆದು ಒಂದು ಪೊಟ್ಟಣದ ಮೇಲೆ ಒಂದು ಸೂರ್ಯ, ಇನ್ನೊಂದರ ಮೇಲೆ ಎರಡು ಚಂದ್ರ ಬರೆದು ಕೊಡುತ್ತಾರೆ.

ಇದನ್ನು ನೀವೂ ಎಲ್ಲಾದರೂ ನೋಡಿರಬಹುದು. ಫಾರ್ಮಸಿಯ ಯಾವ ಪರೀಕ್ಷೆಯಲ್ಲೂ ಸೂರ್ಯನ ಚಿತ್ರ ಬರೆಯಿರಿ ಎಂಬ ಪ್ರಶ್ನೆ ಬರುವುದಿಲ್ಲ. ಇದಕ್ಕೆ ಖರ್ಚಾಗಿದ್ದು ಒಂದು ಹನಿ ಶಾಯಿ, ಅರ್ಧ ನಿಮಿಷ. ಆದರೆ ಆ ಅರ್ಧ ನಿಮಿಷದಲ್ಲಿ ಅವರು ಅಂಗಡಿಯ ಕಟ್ಟೆ ಬಿಟ್ಟು ಆ ಅಜ್ಜಿಯ ಮನೆಯೊಳಗೆ ಹೋಗಿ ಬಂದಿದ್ದಾರೆ. ಅಲ್ಲಿನ ಕತ್ತಲೆಯಲ್ಲಿ ಆಕೆಗೆ ಎದುರಾಗುವ ತೊಡಕನ್ನು ಕಂಡಿದ್ದಾರೆ. ತೊಡಕು ಕಂಡ ಮೇಲೆ ಚಿತ್ರ ತಾನಾಗಿ ಹೊಳೆಯಿತು.

‘ಅಯ್ಯೋ ಪಾಪ’ಕ್ಕೂ ಕರುಣೆಗೂ ಇರುವ ವ್ಯತ್ಯಾಸ ಇದೇ. ‘ಅಯ್ಯೋ ಪಾಪ’ ಬಾಯಲ್ಲಿ ಹುಟ್ಟಿ ಬಾಯಲ್ಲೇ ಮುಗಿಯುತ್ತದೆ. ಹೇಳಿದವರಿಗೆ ಸಮಾಧಾನ ಆಗುತ್ತದೆ, ಕೇಳಿಸಿಕೊಂಡವರ ಕಷ್ಟ ಇದ್ದಲ್ಲೇ ಇರುತ್ತದೆ. ಕರುಣೆ ಬಾಗಿ ನೋಡುತ್ತದೆ. ಎಲ್ಲಿ ನೋವು, ಯಾವ ಹೊತ್ತಿಗೆ ನೋವು, ಏನು ಮಾಡಿದರೆ ಕಡಿಮೆಯಾದೀತು ಎಂದು ಕೇಳುತ್ತದೆ. ಹೀಗೆ ಕೇಳುತ್ತಾ ಹೋದವರ ಕೈಯಿಂದ ಎಂಥ ಕೆಲಸಗಳು ಆಗಿವೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಗೂ ನಂಟಿರುವ ಗದಗಿನಲ್ಲೇ ಒಂದಿದೆ.

ಕಣ್ಣಿಲ್ಲದವರ ಕಿವಿ ಕಂಡವರು

1892ರಲ್ಲಿ ಹಾನಗಲ್ ಸೀಮೆಯ ಹಳ್ಳಿಯೊಂದರಲ್ಲಿ ಕಣ್ಣು ಕಾಣದ ಮಗು ಹುಟ್ಟಿತು. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಅಂಧ ಮಕ್ಕಳ ಮುಂದೆ ಇದ್ದ ದಾರಿ ಹೆಚ್ಚೆಂದರೆ ಭಿಕ್ಷೆಯದು. ಊರವರು ಮರುಗುತ್ತಿದ್ದರು, ಹಿಡಿ ಅನ್ನ ಕೊಡುತ್ತಿದ್ದರು. ಅಷ್ಟಕ್ಕೆ ಎಲ್ಲರ ಕರ್ತವ್ಯ ಮುಗಿಯುತ್ತಿತ್ತು. ಹಾನಗಲ್ಲಿನ ಕುಮಾರಸ್ವಾಮಿಗಳು ಮಾತ್ರ ಆ ಮಕ್ಕಳಲ್ಲಿ ಏನಿಲ್ಲ ಎಂಬುದನ್ನು ನೋಡುತ್ತಾ ನಿಲ್ಲಲಿಲ್ಲ. ಕಿವಿ ಇದೆ, ಕಂಠ ಇದೆ, ನೆನಪಿದೆ ಎಂಬುದನ್ನು ಕಂಡರು. ಅವರಿಗೆ ಸಂಗೀತ ಕಲಿಸುವ ಏರ್ಪಾಟು ಮಾಡಿದರು. ಆ ಹುಡುಗನೇ ಮುಂದೆ ಕರ್ನಾಟಕಿ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದ ಗಾನಯೋಗಿ ಪಂಚಾಕ್ಷರಿ ಗವಾಯಿ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ನಮ್ಮ ಸಂಗೀತ ಮೊದಲಿನಿಂದಲೂ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟುತ್ತಾ ಬಂದ ವಿದ್ಯೆ. ಪುಸ್ತಕ ಓದಲೇಬೇಕೆಂಬ ಕಡ್ಡಾಯ ಅದರಲ್ಲಿ ಇಲ್ಲ. ಅಂದರೆ ಕಣ್ಣಿಲ್ಲದ ವಿದ್ಯಾರ್ಥಿಯೂ ಕಣ್ಣಿದ್ದವನೂ ಸರಿಸಮನಾಗಿ ಕೂರಬಹುದಾದ ತರಗತಿ ಅದು. ಅಂಥ ತರಗತಿ ನಮ್ಮ ನಡುವೆ ಶತಮಾನಗಳಿಂದ ಇತ್ತು. ಅದರ ಬಾಗಿಲನ್ನು ಈ ಮಕ್ಕಳಿಗೂ ತೆರೆಯಬಹುದು ಎಂದು ಹೊಳೆಯಬೇಕಿತ್ತು. ಹಿಡಿ ಅನ್ನ ಕೊಟ್ಟು ಕೈತೊಳೆದುಕೊಂಡವರಿಗೆ ಅದು ಹೊಳೆಯಲಿಲ್ಲ, ಮಕ್ಕಳನ್ನು ಹತ್ತಿರ ಕರೆದು ಕೂರಿಸಿಕೊಂಡವರಿಗೆ ಹೊಳೆಯಿತು.

ಪಂಚಾಕ್ಷರಿ ಗವಾಯಿಗಳು ತಾವು ಪಡೆದದ್ದನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತಾ ಪಾಠ ಹೇಳಿದರು. ಶಾಲೆಯೇ ಗಂಟುಮೂಟೆ ಕಟ್ಟಿಕೊಂಡು ತಿರುಗುತ್ತಿತ್ತು. ಕೊನೆಗೆ ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಹೊಣೆ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೂ ಎಳವೆಯಲ್ಲೇ ಕಣ್ಣು ಹೋಗಿತ್ತು.

ಈಗ ನಿಜವಾದ ಕಷ್ಟ ನೋಡಿ. ಮಕ್ಕಳಿಗೆ ಹಾಡು ಕಲಿಸಬಹುದು, ಆದರೆ ದಿನಕ್ಕೆ ಎರಡು ಹೊತ್ತು ಊಟ ಎಲ್ಲಿಂದ ಬರಬೇಕು? ಬರೀ ಭಿಕ್ಷೆಯಿಂದ ಎಷ್ಟು ದಿನ ನಡೆಯುತ್ತದೆ? ಪುಟ್ಟರಾಜರು ನಾಟಕ ಕಂಪನಿ ಕಟ್ಟಿದರು. ನಾಟಕಗಳನ್ನು ತಾವೇ ಬರೆದರು, ಸಂಗೀತವನ್ನೂ ತಾವೇ ಕೂಡಿಸಿದರು. ಉತ್ತರ ಕರ್ನಾಟಕದ ಜನರಿಗೆ ನಾಟಕವೆಂದರೆ ಪ್ರಾಣ. ಟಿಕೆಟಿನ ಹಣ ಆಶ್ರಮದ ಒಲೆ ಉರಿಸಿತು. ಜನ ಅಲ್ಲಿ ದಾನ ಕೊಟ್ಟೆವು ಎಂದುಕೊಳ್ಳಲಿಲ್ಲ, ಒಳ್ಳೆಯ ನಾಟಕ ನೋಡಿದೆವು ಎಂದುಕೊಂಡು ಎದ್ದು ಹೋದರು. ಕೊಟ್ಟವರೂ ಪಡೆದವರೂ ತಲೆ ಎತ್ತಿಕೊಂಡೇ ಇರಬಹುದಾದ ಏರ್ಪಾಟು ಅದು. ಇಂದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ‘ಸಾಮಾಜಿಕ ಉದ್ಯಮ’ ಎಂದು ಪಾಠ ಮಾಡುವುದನ್ನು ಅವರು ಆ ಹೆಸರು ಕೇಳದೆಯೇ ಮಾಡಿ ತೋರಿಸಿದ್ದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಬಳ್ಳಾರಿಯಿಂದ ಹೊರಟ ಹುಡುಗ

ಈ ಕಥೆಗೆ ನಮ್ಮ ಜಿಲ್ಲೆಯದೊಂದು ಕೊಂಡಿ ಇದೆ. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಜಾನಪದ ಕಲಾವಿದರ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಒಳ್ಳೆಯ ಕಂಠವಿತ್ತು. ಕಲಿಯಲು ಅನುಕೂಲ ಇರಲಿಲ್ಲ. ಹತ್ತಿರದ ಬಂಧು, ರಂಗಕಲಾವಿದ ಬೆಳಗಲ್ಲು ವೀರಣ್ಣ ಆ ಹುಡುಗನನ್ನು ಗದಗಿಗೆ ಕರೆದುಕೊಂಡು ಹೋಗಿ ಪುಟ್ಟರಾಜ ಗವಾಯಿಗಳ ಬಳಿ ಬಿಟ್ಟರು. ಒಂದು ದಶಕಕ್ಕೂ ಹೆಚ್ಚು ಕಾಲ ಆ ಹುಡುಗ ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಕಲಿತ. ಆ ಹುಡುಗನೇ ಇಂದಿನ ಪಂಡಿತ್ ಎಂ. ವೆಂಕಟೇಶ ಕುಮಾರ್. ಧಾರವಾಡದಲ್ಲಿ ದಶಕಗಳ ಕಾಲ ಸಂಗೀತ ಪಾಠ ಹೇಳಿದವರು, 2016ರಲ್ಲಿ ಪದ್ಮಶ್ರೀ ಪಡೆದವರು. ಅವರಿಗೆ ಕಣ್ಣಿತ್ತು, ಇರದಿದ್ದದ್ದು ಅನುಕೂಲ. ಅಂಧರಿಗಾಗಿ ತೆರೆದ ಬಾಗಿಲು ಬಡವರಿಗೂ ತೆರೆದೇ ಇತ್ತು.

ಕೈ ಹಿಡಿದು ಕರೆದೊಯ್ದ ವೀರಣ್ಣನವರ ಬದುಕೂ ಅಷ್ಟೇ ದೊಡ್ಡ ಪಾಠ. ಸಿನಿಮಾ, ಟಿ.ವಿ. ಬಂದ ಮೇಲೆ ಸೊರಗುತ್ತಿದ್ದ ತೊಗಲುಗೊಂಬೆಯಾಟವನ್ನು ಅವರು ಕೈಗೆತ್ತಿಕೊಂಡರು. ರಾಮಾಯಣದ ಪ್ರಸಂಗಗಳ ಜೊತೆಗೆ ಗಾಂಧೀಜಿಯ ಕಥೆ, ಸ್ವಾತಂತ್ರ್ಯ ಹೋರಾಟದ ಕಥೆಗಳನ್ನೂ ಪರದೆಯ ಮೇಲೆ ತಂದರು. ಗೊಂಬೆ ಹಳೆಯದು, ಕಥೆ ಹೊಸದು. ಕಲೆಯ ಮೇಲಿನ ಮಮತೆ, ನೋಡುವ ಜನರ ಮೇಲಿನ ಮಮತೆ ಎರಡೂ ಕೂಡಿದ್ದರಿಂದ ಅದು ಸಾಧ್ಯವಾಯಿತು. ಬರೀ ಕಲೆಯನ್ನು ಪ್ರೀತಿಸಿದ್ದರೆ ಹಳೆಯದನ್ನೇ ಆಡಿಸುತ್ತಾ ಖಾಲಿ ಚಾಪೆಗಳನ್ನು ನೋಡಿ ನೊಂದುಕೊಳ್ಳಬೇಕಿತ್ತು. 2023ರ ಏಪ್ರಿಲ್‌ನಲ್ಲಿ, 90 ದಾಟಿದ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ಅವರು ನಮ್ಮನ್ನು ಅಗಲಿದರು.

ಈ ಕೊಂಡಿಗಳನ್ನು ಒಮ್ಮೆ ಸಾಲಾಗಿ ಜೋಡಿಸಿ ನೋಡಿ. ಕುಮಾರಸ್ವಾಮಿಗಳು ಒಬ್ಬ ಅಂಧ ಹುಡುಗನನ್ನು ಗಮನಿಸಿದರು. ಆ ಹುಡುಗ ಗುರುವಾಗಿ ಇನ್ನೊಬ್ಬ ಅಂಧ ಹುಡುಗನನ್ನು ಬೆಳೆಸಿದರು. ಅವರು ನಮ್ಮ ಬಳ್ಳಾರಿ ಸೀಮೆಯ ಬಡ ಹುಡುಗನಿಗೆ ಅನ್ನವಿಟ್ಟು ವಿದ್ಯೆ ಕೊಟ್ಟರು. ಇಂದು ದೇಶದ ದೊಡ್ಡ ವೇದಿಕೆಗಳಲ್ಲಿ ಅವರ ದನಿ ಕೇಳುತ್ತದೆ. ಸೃಜನಶೀಲತೆಯನ್ನು ಒಬ್ಬನ ತಲೆಯೊಳಗಿನ ಮಿಂಚು ಎಂದುಕೊಳ್ಳುತ್ತೇವಲ್ಲ, ಅದು ಅರ್ಧ ಸತ್ಯ. ಆ ಮಿಂಚು ಆರದಂತೆ ಕೈ ಅಡ್ಡ ಹಿಡಿದವರೂ ಬೇಕು.

ಕೆಸರಿನಲ್ಲಿ ನಡೆಯುವ ಕಾಲು

ಕಲೆಯ ಮಾತಾಯಿತು. ‘ನಾವು ಐ.ಟಿ.ಐ., ಡಿಪ್ಲೊಮಾ, ಬಿ.ಕಾಂ. ಓದಿದವರು, ನಮಗೇನು?’ ಎಂದು ಕೇಳಬಹುದು. ಹಾಗಾದರೆ ಒಂದು ಕಾಲಿನ ಕಥೆ ಕೇಳಿ.

1960ರ ದಶಕದಲ್ಲಿ ಕಾಲು ಕಳೆದುಕೊಂಡವರಿಗೆ ನಮ್ಮ ದೇಶದಲ್ಲಿ ಸಿಗುತ್ತಿದ್ದದ್ದು ಪಾಶ್ಚಾತ್ಯ ಮಾದರಿಯ ಕೃತಕ ಕಾಲು. ಬೂಟಿನೊಳಗೆ ಇಟ್ಟು ನಡೆಯುವಂಥದ್ದು. ಕುರ್ಚಿಯ ಮೇಲೆ ಕೂರುವವರಿಗೆ, ಕಲ್ಲು ಹಾಸಿದ ಬೀದಿಯಲ್ಲಿ ಓಡಾಡುವವರಿಗೆ ಅದು ಸರಿ. ನಮ್ಮ ರೈತನ ಪಾಡು ಬೇರೆ. ಆತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಗುಡಿಗೆ ಬರಿಗಾಲಲ್ಲಿ ಹೋಗಬೇಕು, ನೀರು ನಿಂತ ಗದ್ದೆಗೆ ಇಳಿಯಬೇಕು. ಹಾಗಾಗಿ ಎಷ್ಟೋ ಮಂದಿ ಆ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು.

ಜೈಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಗಮನಿಸಿದವರು ಇಬ್ಬರು. ಒಬ್ಬರು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ. ಇನ್ನೊಬ್ಬರು ರಾಮಚಂದ್ರ ಶರ್ಮ, ಹೆಚ್ಚು ಶಾಲೆ ಓದದ, ಕೈಕೆಲಸದಲ್ಲಿ ನಿಪುಣರಾದ ಕುಶಲಕರ್ಮಿ. ಬೂಟು ಬೇಡದ, ಬರಿಗಾಲಿನಂತೆಯೇ ಕಾಣುವ, ಬಾಗುವ, ನೀರಿಗೆ ಹೆದರದ ಕಾಲು ಬೇಕಿತ್ತು. ಶರ್ಮರು ಟಯರಿಗೆ ರಬ್ಬರ್ ಹಾಕುವ ತಂತ್ರವನ್ನೇ ಪಾದಕ್ಕೆ ಬಳಸಿದರು. 1968ರಲ್ಲಿ ‘ಜೈಪುರ ಕಾಲು’ ರೂಪ ತಳೆಯಿತು. 1975ರಲ್ಲಿ ಶುರುವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಮೂಲಕ ಅದು ಲಕ್ಷಾಂತರ ಜನರಿಗೆ ಉಚಿತವಾಗಿ ತಲುಪಿತು. 1981ರಲ್ಲಿ ಸೇಠಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಭತ್ತದ ಗದ್ದೆಗಳ ನಡುವೆ ಬೆಳೆದ ನಮಗೆ ಈ ಕಥೆಯ ಬೆಲೆ ಬೇಗ ಗೊತ್ತಾಗುತ್ತದೆ. ಕೆಸರಿಗೆ ಇಳಿಯಲಾಗದ ಕಾಲು ಸಿರುಗುಪ್ಪದ ರೈತನಿಗೆ ಯಾಕೆ? ಮೊದಲಿನ ಕಾಲನ್ನು ಮಾಡಿದ ಎಂಜಿನಿಯರುಗಳು ದಡ್ಡರಾಗಿರಲಿಲ್ಲ. ಅವರ ಕಣ್ಣ ಮುಂದೆ ಈ ರೈತ ಇರಲಿಲ್ಲ, ಅಷ್ಟೇ.

ತಿಂಗಳಿಗೆ 300, ದಿನಕ್ಕೆ 10

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆ ಕಟ್ಟಲು ಕೈಹಾಕಿದಾಗ, ಬಡವರಿಗೆ ಸೋಲಾರ್ ದೀಪ ಎಂಬ ಮಾತು ಬಹಳ ಜನರಿಗೆ ತಮಾಷೆಯಾಗಿ ಕಂಡಿತ್ತು. ಬಡವರು ಅಷ್ಟು ದುಬಾರಿ ವಸ್ತು ಕೊಳ್ಳಲಾರರು, ಕೊಂಡರೂ ನಿಭಾಯಿಸಲಾರರು ಎಂದು ಎಲ್ಲರೂ ನಂಬಿದ್ದರು.

ಹಂದೆ ತಮ್ಮ ಉಪನ್ಯಾಸಗಳಲ್ಲಿ ಬೀದಿ ವ್ಯಾಪಾರಿಯೊಬ್ಬರ ಮಾತನ್ನು ನೆನೆಯುತ್ತಾರೆ. ತಿಂಗಳಿಗೆ 300 ರೂಪಾಯಿ ಎಂದರೆ ಕಷ್ಟ, ದಿನಕ್ಕೆ 10 ರೂಪಾಯಿ ಎಂದರೆ ಆಗುತ್ತದೆ ಎಂಬ ಅರ್ಥದ ಮಾತು ಅದು. ಲೆಕ್ಕದಲ್ಲಿ ಎರಡೂ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. ಸಂಬಳದವರ ಕೈಗೆ ಹಣ ತಿಂಗಳಿಗೊಮ್ಮೆ ಬರುತ್ತದೆ. ತಳ್ಳುಗಾಡಿಯವರ ಕೈಗೆ ಸಂಜೆ ಬರುತ್ತದೆ, ಬೆಳಿಗ್ಗೆ ಸಂತೆಗೆ ಹೋಗುತ್ತದೆ. ಇದನ್ನು ತಿಳಿದ ಮೇಲೆ ಬದಲಾಗಬೇಕಾದದ್ದು ದೀಪದ ತಂತ್ರಜ್ಞಾನ ಮಾತ್ರವಲ್ಲ, ಸಾಲದ ಕಂತು ಕಟ್ಟುವ ವಿಧಾನ ಎಂಬುದು ಸ್ಪಷ್ಟವಾಯಿತು. ಗಳಿಕೆಯ ಲಯಕ್ಕೆ ತಕ್ಕ ಕಂತು, ಗ್ರಾಮೀಣ ಬ್ಯಾಂಕುಗಳ ಸಾಲ, ಕೆಟ್ಟರೆ ಮನೆಗೇ ಬಂದು ರಿಪೇರಿ ಮಾಡುವ ಹುಡುಗರು ಸೇರಿ ಒಂದು ಹೊಸ ವ್ಯವಸ್ಥೆಯಾಯಿತು. 2011ರಲ್ಲಿ ಹಂದೆ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಬಿ.ಕಾಂ. ಓದುವ ಗೆಳೆಯರೇ, ಈ ಕಥೆಯಲ್ಲಿ ದೊಡ್ಡ ಹೊಳಹು ಇರುವುದು ದಿನದ ಕಂತಿನ ಲೆಕ್ಕದಲ್ಲಿ. ನಿಮ್ಮ ವಿಷಯದಲ್ಲಿ ಸೃಜನಶೀಲತೆಗೆ ಜಾಗವಿಲ್ಲ ಎಂದು ಇನ್ನು ಮುಂದೆ ಹೇಳಬೇಡಿ.

ಕೇಳದೆ ಮಾಡಿದ ಉಪಕಾರ

ಹಾಗೆಂದು ಕರುಣೆ ಇದ್ದಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆ ಎಂದಲ್ಲ. ಗದಗಿನ ಅಂಧ ಮಕ್ಕಳ ಕಥೆ ನೋಡಿದೆವಲ್ಲ, ಅದರ ಪಕ್ಕದಲ್ಲಿ ಪ್ಯಾರಿಸ್ಸಿನ ಒಂದು ಕಥೆ ಇಡೋಣ. 18ನೇ ಶತಮಾನದ ಕೊನೆಯಲ್ಲಿ ವ್ಯಾಲೆಂಟಿನ್ ಹಾವಿ ಎಂಬ ಸಹೃದಯರು ಅಲ್ಲಿ ಅಂಧ ಮಕ್ಕಳಿಗೆ ಶಾಲೆ ತೆರೆದರು. ಮಕ್ಕಳು ಬೆರಳಿನಿಂದ ಓದಲೆಂದು ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿಸಿದರು. ಉದ್ದೇಶ ಒಳ್ಳೆಯದು, ಶ್ರಮವೂ ದೊಡ್ಡದು. ಆದರೆ ಅದು ಕಣ್ಣಿದ್ದವರು ಯೋಚಿಸಿದ ಉಪಾಯ. ಕಣ್ಣಿಗೆ ಸುಲಭವಾದ ಆಕಾರ ಬೆರಳಿಗೆ ಸುಲಭವಲ್ಲ. ಓದುವುದು ನಿಧಾನ, ಮಕ್ಕಳು ತಾವೇ ಬರೆಯುವುದಂತೂ ಇನ್ನೂ ಕಷ್ಟ.

ಅದೇ ಶಾಲೆಯಲ್ಲಿ ಓದುತ್ತಿದ್ದ ಲೂಯಿ ಬ್ರೈಲ್ ಎಂಬ ಅಂಧ ಹುಡುಗ ದಾರಿ ಬದಲಿಸಿದ. ಸೇನೆಯ ಅಧಿಕಾರಿಯಾಗಿದ್ದ ಷಾರ್ಲ್ ಬಾರ್ಬಿಯೆ ರೂಪಿಸಿದ್ದ, 12 ಚುಕ್ಕಿಗಳವರೆಗೆ ಬಳಸುವ ಒಂದು ಲಿಪಿ ಆ ಶಾಲೆಗೆ ಬಂದಿತ್ತು. ಬ್ರೈಲ್ ಅದನ್ನು ಒಂದೇ ಬೆರಳ ತುದಿಗೆ ಸಿಗುವಂತೆ 6 ಚುಕ್ಕಿಗಳಿಗೆ ಇಳಿಸಿದ. 1824ರಲ್ಲಿ ಅದು ರೂಪುಗೊಂಡಾಗ ಅವನಿಗೆ 15 ವರ್ಷ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಪ್ಪುವ ಭಾರತಿ ಬ್ರೈಲ್ ಬಂತು, ಕನ್ನಡದ ಅಂಧ ಮಕ್ಕಳು ಇಂದು ಓದುವುದೂ ಆ 6 ಚುಕ್ಕಿಗಳಲ್ಲೇ.

ಹಾವಿಯವರ ಶಾಲೆ ಇಲ್ಲದಿದ್ದರೆ ಬ್ರೈಲ್‌ಗೆ ಕಲಿಯಲು ಜಾಗವೇ ಇರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೂ ಕಷ್ಟ ಅನುಭವಿಸುವವರನ್ನು ಕೇಳದೆ ಹುಡುಕಿದ ಉತ್ತರ ಅರ್ಧ ದಾರಿಗೇ ನಿಲ್ಲುತ್ತದೆ.

ಇದನ್ನೇ ನಮ್ಮ ಹೊಲಕ್ಕೆ ತಂದು ನೋಡಿ. ಕಾಲುವೆಗೆ ನೀರು ಬಿಟ್ಟರೆ ಸಿರುಗುಪ್ಪ ಸೀಮೆಯಲ್ಲಿ ನಾಟಿಯ ಹಂಗಾಮು. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದ ಹೆಣ್ಣುಮಕ್ಕಳ ಗುಂಪು ಬೆಳಗಿನಿಂದ ಸಂಜೆವರೆಗೆ ಬೆನ್ನು ಬಾಗಿಸಿ, ಕೆಸರಿನಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಸಸಿ ಹಚ್ಚುತ್ತಾರೆ. ಅವರ ಬೆನ್ನು ನೋವು ಕಂಡ ಯಾರಾದರೂ ‘ನಾಟಿ ಯಂತ್ರ ತಂದುಬಿಡೋಣ’ ಎನ್ನಬಹುದು. ನೋವು ಹೋಗುತ್ತದೆ, ನಿಜ. ಅದರ ಜೊತೆಗೆ ಕೂಲಿಯೂ ಹೋಗುತ್ತದೆ. ಮಗಳ ಕಾಲೇಜು ಫೀಸು ಆ ಹಂಗಾಮಿನ ದುಡಿಮೆಯಿಂದಲೇ ಕಟ್ಟುವ ತಾಯಿಯನ್ನು ಕೇಳಿದರೆ ಆಕೆ ಯಾವುದನ್ನು ಆರಿಸಿಕೊಳ್ಳುತ್ತಾಳೆ?

ಪ್ರಶ್ನೆ ಇಲ್ಲಿಗೆ ಬಂದು ನಿಂತಾಗಲೇ ನಿಜವಾದ ತಲೆ ಖರ್ಚು ಶುರುವಾಗುವುದು. ಯಂತ್ರ ಆ ಗುಂಪಿನವರ ಹೆಸರಿನಲ್ಲೇ ಇದ್ದರೆ? ಯಂತ್ರದ ನಾಟಿಗೆ ಸಸಿಯನ್ನು ಟ್ರೇಗಳಲ್ಲಿ ಚಾಪೆಯಂತೆ ಬೆಳೆಸಬೇಕು. ಆ ಸಸಿಮಡಿ ಮಾಡಿ ಮಾರುವ ಕೆಲಸ ಸ್ವಸಹಾಯ ಸಂಘದ್ದಾದರೆ? ಓಡಿಸುವುದನ್ನು ಅವರದೇ ಮನೆಯ ಹುಡುಗಿ ಕಲಿತರೆ? ಉತ್ತರ ನನ್ನ ಬಳಿ ಸಿದ್ಧವಾಗಿಲ್ಲ. ಆದರೆ ‘ಬೆನ್ನು ನೋವೂ ಹೋಗಬೇಕು, ಕೂಲಿಯೂ ಉಳಿಯಬೇಕು’ ಎಂಬ ಪ್ರಶ್ನೆ ‘ಯಂತ್ರ ಬೇಕೋ ಬೇಡವೋ’ ಎಂಬ ಪ್ರಶ್ನೆಗಿಂತ ಎಷ್ಟೋ ಹೊಸದು. ಕೃಷಿ ಪದವಿ, ಎಂಜಿನಿಯರಿಂಗ್, ಸಮಾಜಕಾರ್ಯ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ವಿಷಯ ಬೇಕೆ?

ಕೆಲಸ ಸಿಗುತ್ತದೆಯೇ?

‘ಇದೆಲ್ಲ ಕೇಳಲು ಚೆಂದ. ನಮಗೆ ಈಗ ಬೇಕಾಗಿರುವುದು ಕೆಲಸ’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕರುಣೆಗೆ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅಂಕ ಇಲ್ಲ. ವಿದ್ಯೆ, ಅಭ್ಯಾಸ, ಕೌಶಲದ ಜಾಗವನ್ನು ಅದು ತುಂಬಲಾರದು. ಮೇಲೆ ಹೇಳಿದವರನ್ನೇ ನೋಡಿ: ಪಂಚಾಕ್ಷರಿ ಗವಾಯಿಗಳು ವರ್ಷಗಟ್ಟಲೆ ಸಾಧನೆ ಮಾಡಿದವರು, ಶರ್ಮರ ಕೈಯಲ್ಲಿ ಪಳಗಿದ ಕಸುಬಿತ್ತು, ಹಂದೆ ಸೌರಶಕ್ತಿಯಲ್ಲೇ ಡಾಕ್ಟರೇಟ್ ಮಾಡಿದವರು. ಮನಸ್ಸು ಮಿಡಿದರೂ ಕೈಗೆ ಕೆಲಸ ಬಾರದಿದ್ದರೆ ಉಳಿಯುವುದು ಮತ್ತೆ ‘ಅಯ್ಯೋ ಪಾಪ’ವೇ.

ಆದರೆ ಕೌಶಲ ಇದ್ದೂ ಅದನ್ನು ಎಲ್ಲಿ ಬಳಸಬೇಕೆಂದು ತಿಳಿಯದೆ ನಿಂತಿರುವವರು ನಮ್ಮಲ್ಲಿ ಬಹಳ ಮಂದಿ. ಕಂಪ್ಯೂಟರ್ ಬರುತ್ತದೆ, ಏನು ಮಾಡಬೇಕೆಂದು ಗೊತ್ತಿಲ್ಲ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಕಲಿತಿದ್ದಾರೆ, ಸ್ವಂತದ್ದು ಏನು ಹೊಲಿಯಬೇಕೆಂದು ಹೊಳೆಯುವುದಿಲ್ಲ. ಇಂಥವರಿಗೆ ಕರುಣೆ ದಿಕ್ಕು ತೋರುತ್ತದೆ. ಹೊಲಿಗೆ ಬಲ್ಲವರು ಒಂದು ಕೈ ಸ್ವಾಧೀನವಿಲ್ಲದವರ ಬಳಿ ಕುಳಿತು, ಗುಂಡಿ ಹಾಕಿಕೊಳ್ಳಲು ಅವರು ಪಡುವ ಪಾಡನ್ನು ಹತ್ತು ನಿಮಿಷ ನೋಡಲಿ. ಹೊಸ ಬಗೆಯ ಅಂಗಿಯ ವಿನ್ಯಾಸ ಅಲ್ಲಿಂದಲೇ ಶುರುವಾಗಬಹುದು. ಕಂಪ್ಯೂಟರ್ ಬಲ್ಲವರು ಪಿಂಚಣಿ ಅರ್ಜಿ ಹಿಡಿದು ಅಲೆಯುವ ಹಿರಿಯರ ಜೊತೆ ಒಂದು ದಿನ ಓಡಾಡಲಿ. ಯಾವ ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ.

ಸಂದರ್ಶನದಲ್ಲಿ ‘ನೀವು ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದಾಗ, ಪುಸ್ತಕದಿಂದ ಬಾಯಿಪಾಠ ಮಾಡಿದ ಉತ್ತರ ಹೇಳುವ ನೂರು ಜನರ ನಡುವೆ, ನಿಜವಾದ ಒಬ್ಬ ಮನುಷ್ಯನ ನಿಜವಾದ ತೊಡಕನ್ನು ಬಿಡಿಸಿದವರ ಮಾತಿನ ತೂಕವೇ ಬೇರೆ.

ತನ್ನ ಮೇಲೂ ಇರಲಿ

ಕರುಣೆಯ ಇನ್ನೊಂದು ಮುಖವನ್ನು ಮರೆಯಬಾರದು. ಹೆದರಿದ ಮನಸ್ಸಿಗೆ ಹೊಸದು ಹೊಳೆಯುವುದಿಲ್ಲ. ನಗುತ್ತಾರೆ, ಬೈಯುತ್ತಾರೆ, ಹೋಲಿಸುತ್ತಾರೆ ಎಂಬ ಭಯದಲ್ಲಿ ಇರುವವರು ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾರೆ. ತರಗತಿಯಲ್ಲಿ ತಪ್ಪು ಇಂಗ್ಲಿಷ್ ಮಾತಾಡಿದ ಹಳ್ಳಿಯ ಹುಡುಗಿಯನ್ನು ನೋಡಿ ನಕ್ಕರೆ, ಆಕೆಯ ಜೊತೆಗೆ ಆಕೆ ಮುಂದೆ ಕೇಳಬಹುದಾಗಿದ್ದ ಹತ್ತು ಪ್ರಶ್ನೆಗಳ ಬಾಯಿಯನ್ನೂ ಮುಚ್ಚಿಸಿದಂತೆ. ಪುಣ್ಯಾಶ್ರಮ ಕೊಟ್ಟಿದ್ದು ಅನ್ನ, ವಿದ್ಯೆ ಮಾತ್ರವಲ್ಲ. ಸ್ವರ ತಪ್ಪಿದರೂ ಹೊರಗೆ ಹಾಕುವುದಿಲ್ಲ, ನಾಳೆ ಮತ್ತೆ ಹಾಡಬಹುದು ಎಂಬ ನಂಬಿಕೆ ಇಲ್ಲದೆ ಒಂದು ದಶಕದ ಕಲಿಕೆ ನಡೆಯುವುದಿಲ್ಲ.

ಧಾರವಾಡದಲ್ಲೋ ಬಳ್ಳಾರಿಯಲ್ಲೋ ಒಂದೇ ರೂಮಿನಲ್ಲಿ ಮೂರ‍್ನಾಲ್ಕು ಜನ ಸೇರಿ ಪರೀಕ್ಷೆಗೆ ಓದುವವರಿಗೆ ಇದು ಗೊತ್ತು. ಒಬ್ಬರಿಗೆ ಫಲಿತಾಂಶ ಬಂದು ಇನ್ನೊಬ್ಬರಿಗೆ ಬಾರದ ದಿನ ಆ ರೂಮಿನ ಮೌನ ಎಷ್ಟು ಭಾರ ಎಂಬುದೂ ಗೊತ್ತು. ಆ ದಿನ ಅಡುಗೆ ಮಾಡಿ ಕರೆದು ಉಣಿಸಿದ, ‘ನನ್ನ ನೋಟ್ಸ್ ಇಟ್ಟುಕೋ’ ಎಂದ ಗೆಳೆಯರು ದೊಡ್ಡ ಕೆಲಸವನ್ನೇ ಮಾಡಿದ್ದಾರೆ. ಅದೇ ಮೆತ್ತಗಿನ ಮಾತನ್ನು ನಮಗೆ ನಾವೂ ಹೇಳಿಕೊಳ್ಳಬೇಕು. ಮೂರನೇ ಸಲ ಪರೀಕ್ಷೆಗೆ ಕೂತಿರುವವರು ತಮ್ಮನ್ನು ತಾವೇ ಹಳಿದುಕೊಳ್ಳುತ್ತಿದ್ದರೆ ಬೇರೆ ದಾರಿ ಇದೆಯೇ ಎಂದು ತಲೆ ಎತ್ತಿ ನೋಡುವ ಶಕ್ತಿಯೂ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಾಡುವುದೇನು? ದೊಡ್ಡ ಸಂಕಲ್ಪ ಬೇಡ. ಈ ವಾರ ದಿನವೂ ಹತ್ತು ನಿಮಿಷ ಯಾರಾದರೂ ಒಬ್ಬರ ಕೆಲಸವನ್ನು ಸುಮ್ಮನೆ ಗಮನಿಸಿ. ತರಕಾರಿ ಗಾಡಿಯವರು, ಬಸ್ ಕಂಡಕ್ಟರ್, ಅಂಗನವಾಡಿ ಕಾರ್ಯಕರ್ತೆ, ಸೊಪ್ಪು ಸೋಸುವ ಅಮ್ಮ, ಯಾರಾದರೂ ಸರಿ. ಅವರು ಎಲ್ಲಿ ಒಂದು ಕ್ಷಣ ತಡೆಯುತ್ತಾರೆ, ಎಲ್ಲಿ ಸೊಂಟಕ್ಕೆ ಕೈ ಇಡುತ್ತಾರೆ, ಎಲ್ಲಿ ಒಂದೇ ಕೆಲಸವನ್ನು ಎರಡು ಸಲ ಮಾಡುತ್ತಾರೆ ಎಂದು ನೋಡಿ. ಆಮೇಲೆ ಅವರನ್ನೇ ಕೇಳಿ: ‘ಇದು ಹೀಗೇ ಯಾಕೆ?’ ಬಂದ ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಉಪಾಯ ತಕ್ಷಣ ಹೊಳೆಯದಿದ್ದರೆ ಚಿಂತೆ ಇಲ್ಲ. ಒಳ್ಳೆಯ ಪ್ರಶ್ನೆ ಬಿತ್ತನೆಯ ಬೀಜದಂತೆ, ತನ್ನ ಹದ ಬಂದಾಗ ಮೊಳೆಯುತ್ತದೆ.

ನಮ್ಮ ಊರುಗಳಲ್ಲಿ ಕಷ್ಟಗಳಿಗೆ ಬರವಿಲ್ಲ ಎಂದು ನಾವು ಗೊಣಗುತ್ತೇವೆ. ಹೌದು, ಬರವಿಲ್ಲ. ಅಂದ ಮೇಲೆ ಮಾಡಬೇಕಾದ ಕೆಲಸಕ್ಕೂ ಬರವಿಲ್ಲ. ಅದನ್ನು ನೋಡುವ ಕಣ್ಣು ನಮ್ಮದಾಗಲಿ, ಮಾಡುವ ಕೈಯೂ ನಮ್ಮದೇ ಆಗಲಿ.